ತುಕ್ಕಣ್ಣನ ಹಸಿರು ಟ್ಯಾಂಕು

ದೊಡ್ಡ ಗಂಡಸರು ಏಳೆಂಟು ಜನ ಒಂದು ಕೋಣೆಯಲ್ಲಿ ಕೂತು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಅಂಗೈಯಗಲದ ಪ್ಲಾಸ್ಟಿಕ್ ಯುದ್ಧಟ್ಯಾಂಕಿಗೆ ಕೆಸರು ಮೆತ್ತುವುದನ್ನು ನೀವು ನೋಡಿಲ್ಲವಾದರೆ ಅದು ನಿಮ್ಮ ಪುಣ್ಯ. ನಾನು ಒಂಬತ್ತು ವರ್ಷ ನೋಡಿದ್ದೇನೆ. ಬರೀ ನೋಡಿಲ್ಲ, ಮೆತ್ತಿದ್ದೇನೆ.

ಕೆಲಸದ ಮೊದಲರ್ಧ ಹೇಸಿಗೆಯದಲ್ಲ. ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ ಚೌಕಟ್ಟುಗಳು ಬರುತ್ತವೆ. ಅವಕ್ಕೆ ಅಂಟಿಕೊಂಡ ನಾನೂರು ಐನೂರು ಬಿಡಿಭಾಗಗಳನ್ನು ಒಂದೊಂದಾಗಿ ಕತ್ತರಿಸಿ, ಅರದಿಂದ ಉಜ್ಜಿ, ಅಂಟಿಸಬೇಕು. ಚಕ್ರಗಳು, ಅವುಗಳನ್ನು ಸುತ್ತುವ ಸರಪಳಿಯ ಒಂದೊಂದು ಕೊಂಡಿ, ತೋಪಿನ ನಳಿಗೆ, ಮುಚ್ಚಳದ ಹಿಡಿ, ಎಲ್ಲ ನಿಜವಾದ ಟ್ಯಾಂಕಿನ ಮೂವತ್ತೈದರಲ್ಲೊಂದು ಪಾಲು. ಬಣ್ಣ ಹೊಡೆದ ಮೇಲೆ ಕಣ್ಣಿಗೆ ಹಿತವಾಗಿಯೇ ಇರುತ್ತದೆ. ಅಲ್ಲಿಗೆ ನಿಲ್ಲಿಸಿದರೆ ಚೆನ್ನ. ನಮ್ಮವರು ನಿಲ್ಲಿಸುವುದಿಲ್ಲ. ಅಲ್ಲಿಂದ ಶುರುವಾಗುವುದು ‘ಹಳತು ಮಾಡುವುದು’. ಹೊಸ ಬಣ್ಣದ ಮೇಲೆ ತುಕ್ಕು ಇಳಿಸು, ಅಂಚುಗಳಲ್ಲಿ ಬಣ್ಣ ಕಿತ್ತುಹೋದ ಹಾಗೆ ಚುಕ್ಕೆ ಇಡು, ಎಣ್ಣೆ ಸೋರಿದ ಕಲೆ ಮಾಡು, ಹೊಗೆ ಹಿಡಿಸು, ಕೊನೆಗೆ ಕೆಸರು ಮೆತ್ತು. ಇಂಥ ಮಾದರಿ ಮಾಡುವವರ ನಮ್ಮ ಸಂಘದಲ್ಲಿ ಮರ್ಯಾದೆ ಇರುವುದೇ ಇದಕ್ಕೆ. ಟ್ಯಾಂಕು ಎಷ್ಟು ಕೊಳಕೋ ಮಾಡಿದವನು ಅಷ್ಟು ದೊಡ್ಡ ಕಲಾವಿದ. ಅಂಟಿಸುವಾಗ ಆದ ಸಂದು, ಬಣ್ಣ ಸುರಿದ ಗೆರೆ, ಬೆರಳಿನ ಗುರುತು ಎಲ್ಲವೂ ಕೆಸರಿನಡಿ ಮುಚ್ಚಿಹೋಗುತ್ತವೆ ಅನ್ನುವುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಸಂಘ ಇರುವುದು ಒಂದು ಮುದ್ರಣಾಲಯದ ಮೇಲಿನ ಮಹಡಿಯಲ್ಲಿ. ಭಾನುವಾರ ಬೆಳಗ್ಗೆ ಸೇರುತ್ತೇವೆ. ಬಣ್ಣದ ಮೇಲೆ ಧೂಳು ಕೂರಬಾರದೆಂದು ಫ್ಯಾನು ಹಾಕುವಂತಿಲ್ಲ, ಕಿಟಕಿ ತೆಗೆಯುವಂತಿಲ್ಲ. ಥಿನ್ನರು, ಅಂಟು, ಬೆವರು ಮೂರೂ ಸೇರಿದ ವಾಸನೆ ಗೋಡೆಗೇ ಹಿಡಿದಿದೆ. ಅಧ್ಯಕ್ಷರು ಹಲ್ಲಿನ ಡಾಕ್ಟರು. ಹುಳುಕು ಹಲ್ಲು ಕೊರೆಯುವ ಯಂತ್ರವನ್ನೇ ತಂದು ಟ್ಯಾಂಕಿಗೆ ಗುಂಡು ಬಿದ್ದ ತೂತು ಕೊರೆಯುತ್ತಾರೆ. ಅದನ್ನು ಸೋಮವಾರ ಯಾರ ಬಾಯಿಗೆ ಹಾಕುತ್ತಾರೋ ನಾನು ಕೇಳಿಲ್ಲ, ನನ್ನ ಹಲ್ಲನ್ನು ಅವರಿಗೆ ತೋರಿಸಿಯೂ ಇಲ್ಲ. ಡ್ರಾಯಿಂಗ್ ಮೇಷ್ಟ್ರು ಕುಂಚವನ್ನು ತುಟಿಯಲ್ಲಿ ಹಿಡಿದು ಚೂಪು ಮಾಡುತ್ತಾರೆ; ಮಧ್ಯಾಹ್ನದ ಹೊತ್ತಿಗೆ ಅವರ ನಾಲಿಗೆ ಕಂದು ಬಣ್ಣಕ್ಕೆ ತಿರುಗಿರುತ್ತದೆ. ವಿಮಾ ಕಚೇರಿಯ ಗುಮಾಸ್ತ ಚರಂಡಿ ಪಕ್ಕದ ಮಣ್ಣು ತಂದು, ಜರಡಿ ಹಿಡಿದು, ಡಬ್ಬಿಗೆ ತುಂಬಿ, ಯಾವ ಬೀದಿಯದೆಂದು ಚೀಟಿ ಅಂಟಿಸಿಟ್ಟಿದ್ದಾನೆ. ನಾನೇನು ಸಾಚಾ ಅಲ್ಲ. ನನ್ನದು ಔಷಧಿ ಅಂಗಡಿ. ಸಂಘಕ್ಕೆ ಬೇಕಾದ ಹತ್ತಿ, ಸ್ಪಿರಿಟ್ಟು, ಸಿರಿಂಜು ನನ್ನ ಕಡೆಯಿಂದ ಹೋಗುತ್ತದೆ, ಹಾಗಾಗಿ ಅಲ್ಲಿ ನನಗೊಂದು ಕುರ್ಚಿ ಇದೆ.

ತುಕ್ಕಣ್ಣ ನಮ್ಮಲ್ಲಿಗೆ ಬಂದದ್ದು ವಾಸನೆ ಹಿಡಿದು. ಆರು ವರ್ಷದ ಹಿಂದೆ ಕೆಳಗಿನ ಮುದ್ರಣಾಲಯದ ಷಟರಿಗೆ ಬಣ್ಣ ಹೊಡೆಯುತ್ತಿದ್ದವನು ಕೈ ಒರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತ. ಸಣಕಲು ಆಳು, ಉಗುರಿನ ಸಂದಿಯಲ್ಲಿ ನಾಲ್ಕು ಬಗೆಯ ಬಣ್ಣ. ವಾರವೆಲ್ಲ ಬಸ್ ಡಿಪೋದಲ್ಲಿ ಪೇಂಟರ್, ಭಾನುವಾರ ಇಂಥ ಬಿಡಿ ಕೆಲಸ. ಯಾವ ಥಿನ್ನರು ಹಾಕುತ್ತಿದ್ದೀರಿ, ವಾಸನೆ ಸರಿಯಿಲ್ಲ, ಬಣ್ಣ ಬಿರುಕು ಬಿಡುತ್ತದೆ ಎಂದ. ಕರೆಯದೆ ಬಂದವನನ್ನು ಡಾಕ್ಟರು ತಿರುಗಿ ನೋಡಲಿಲ್ಲ. ಅವನು ಹೋಗಲೂ ಇಲ್ಲ. ಅವರ ಭುಜದ ಮೇಲಿಂದ ಬಗ್ಗಿ ಟ್ಯಾಂಕನ್ನು ನೋಡಿ, ಇದು ತುಕ್ಕಲ್ಲ ಸಾರ್, ಇಟ್ಟಿಗೆ ಪುಡಿ ಎಂದ.

ಎಲ್ಲರೂ ಡಾಕ್ಟರ ಮುಖ ನೋಡಿದರು. ಅವನಿಗೆ ಅದರ ಪರಿವೆಯಿಲ್ಲ. ಮೇಜಿನ ಮೇಲಿದ್ದ ಕುಂಚ ತೆಗೆದುಕೊಂಡು ತೋರಿಸಿದ. ತುಕ್ಕು ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. ನೀರು ನಿಲ್ಲುವ ಕಡೆ, ಬೋಲ್ಟಿನ ಬುಡದಲ್ಲಿ, ತಗಡಿಗೆ ತಗಡು ಸೇರುವ ಕಡೆ ಹುಟ್ಟುತ್ತದೆ. ಹುಟ್ಟಿದ ಕಡೆ ಕಪ್ಪಗಿರುತ್ತದೆ. ಕೆಳಗಿಳಿದ ಹಾಗೆ ಕೆಂಪಾಗಿ, ತೆಳುವಾಗಿ, ಕೊನೆಗೆ ಅಂಗಿಯ ಮೇಲೆ ಬಿದ್ದ ಟೀ ಕಲೆಯ ಅಂಚಿನಂತೆ ಮುಗಿಯುತ್ತದೆ. ಒಂದು ಬೋಲ್ಟಿನಿಂದ ಅವನು ಇಳಿಸಿದ ಗೆರೆ ನೋಡಿ ಡಾಕ್ಟರು ಕುರ್ಚಿ ಎಳೆದು ಕೊಟ್ಟರು. ತುಕ್ಕಣ್ಣ ಎಂದು ಹೆಸರಿಟ್ಟವರೂ ಅವರೇ.

ಅಂದಿನಿಂದ ಎಲ್ಲರ ಟ್ಯಾಂಕಿಗೂ ತುಕ್ಕು ಇಳಿಸುವುದು ಅವನ ಕೆಲಸವಾಯಿತು. ಅಣ್ಣ ಇಲ್ಲೊಂದು ಗೆರೆ, ಅಣ್ಣ ಅಲ್ಲೊಂದು ಕಲೆ. ಬಾಳೆಹಣ್ಣು ಸುಲಿದು ಬಾಯಿಗಿಡುವವರು ಸಿಕ್ಕರೆ ಯಾರು ಬೇಡವೆನ್ನುತ್ತಾರೆ. ನಿನಗೇನು ಇಷ್ಟ ಎಂದು ಅವನನ್ನು ಯಾರೂ ಕೇಳಲಿಲ್ಲ. ಅವನ ಪಕ್ಕದ ಕುರ್ಚಿ ನನ್ನದಾದ್ದರಿಂದ ಕೈಚಳಕ ನನಗೂ ಸ್ವಲ್ಪ ಬಂತು, ಮತ್ತು ಒಂದು ದಿನ ಅವನು ನನ್ನ ಕಿವಿಯ ಹತ್ತಿರ ಹೇಳಿದ್ದೂ ನನಗೊಬ್ಬನಿಗೇ ಕೇಳಿಸಿತು.

“ಮೂವತ್ತೊಂದು ವರ್ಷ ತುಕ್ಕು ಕೆರೆದೆ ಕಣೋ. ಇಲ್ಲಿ ಬಂದ್ರೆ ಬಳಿ ಅಂತಾರೆ.”

ಕೆರೆದದ್ದೆಂದರೆ ಸುಮ್ಮನೆ ಅಲ್ಲ. ಡಿಪೋದಲ್ಲಿ ಬಸ್ಸು ಕೆಲಸಕ್ಕೆ ಬಂದರೆ ಮೊದಲು ತಂತಿ ಬ್ರಶ್ಶು ಹಿಡಿದು ಚಕ್ರದ ಕಮಾನಿನಡಿ ಮಲಗಬೇಕು. ಪ್ರಯಾಣಿಕರು ಕಿಟಕಿಯಿಂದ ಮಾಡಿದ ವಾಂತಿ ಗೆರೆಗೆರೆಯಾಗಿ ಒಣಗಿರುತ್ತದೆ, ಅದನ್ನೂ ಕೆರೆಯಬೇಕು. ಸಂಜೆ ಮೂಗು ಸೀನಿದರೆ ಕರವಸ್ತ್ರದ ತುಂಬ ಕಂದು ಸಿಂಬಳ. ಆಮೇಲೆ ಎಮರಿ ಕಾಗದ, ಆಮೇಲೆ ಪ್ರೈಮರು, ಆಮೇಲೆ ತಗ್ಗಿಗೆ ಪುಟ್ಟಿ, ಮತ್ತೆ ಎಮರಿ. ಹದಿನಾರನೆಯ ದಿನ ಸ್ಪ್ರೇ ಗನ್ನು. ಮೂರು ಕೋಟು ಹಸಿರು. ಒಣಗಿದ ಮೇಲೆ ಬಸ್ಸು ಡಿಪೋದ ಗೇಟು ದಾಟಿ ಬಲಕ್ಕೆ ತಿರುಗಿ ಮರೆಯಾಗುತ್ತದೆ. ಅವನು ಪ್ರತಿ ಸಲವೂ ಕೆಲಸ ಬಿಟ್ಟು ಗೇಟಿನ ತನಕ ಹೋಗಿ ನೋಡುತ್ತಿದ್ದನಂತೆ. ಸಾಯಂಕಾಲ ಅದೇ ಬಸ್ಸು ತಿರುಗಿ ಬರುವಾಗ ಒಬ್ಬ ಉಗುಳಿರುತ್ತಾನೆ, ಒಬ್ಬ ಮೊಳೆಯಿಂದ ಹೆಸರು ಗೀಚಿರುತ್ತಾನೆ. ಅವನ ಹೆಂಡತಿಗೆ ಕಾಣುತ್ತಿದ್ದದ್ದು ಆ ಬಸ್ಸು. ನಿಮ್ಮ ಡಿಪೋದ ಬಸ್ಸು ಒಂದು ದಿನವಾದರೂ ನೋಡುವ ಹಾಗಿದೆಯೇನ್ರೀ ಎಂದು ಮದುವೆಯಾದಾಗಿನಿಂದ ಹಂಗಿಸುತ್ತ ಬಂದಿದ್ದಾರೆ. ಬೆಳಗ್ಗೆ ಗೇಟಿಗೆ ಬಂದು ನೋಡು ಎಂದರೆ, ಆ ಹೊತ್ತಿಗೆ ಅವರಿಗೆ ಹೊಲಿಗೆ.

ಅತ್ತಿಗೆ, ಅಂದರೆ ತುಕ್ಕಣ್ಣನ ಹೆಂಡತಿ, ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡವರು. ಶಾಲೆಯ ಮಕ್ಕಳ ಬಟ್ಟೆ, ಅಕ್ಕಪಕ್ಕದವರ ತೇಪೆ. ಬಾಯಿ ಸ್ವಲ್ಪ ಹೆಚ್ಚು, ಕೈ ಅದಕ್ಕಿಂತ ಹೆಚ್ಚು. ನಾಲ್ಕು ವರ್ಷದಿಂದ ಅವರ ಎರಡೂ ಕಣ್ಣಿಗೆ ಪೊರೆ ಬೆಳೆಯುತ್ತಿತ್ತು. ಮೊದಮೊದಲು ಬೆಳಕು ಸಾಲದು ಎಂದು ಬಲ್ಬು ಬದಲಾಯಿಸಿದರು. ಆಮೇಲೆ ಎಲ್ಲವೂ ಕಂದಾಗಿ, ಮಾಸಿದ ಹಾಗೆ ಕಾಣತೊಡಗಿತು. ಒಮ್ಮೆ ಶಾಲೆಯ ಹಸಿರು ಲಂಗಗಳಿಗೆಲ್ಲ ಕಂದು ದಾರದಲ್ಲಿ ಹೊಲಿದುಕೊಟ್ಟು, ಮಕ್ಕಳ ತಾಯಂದಿರು ಬಾಗಿಲಿಗೆ ಬಂದು ಕೂಗಾಡಿ ಹೋದರು. ಅವತ್ತು ಅತ್ತಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿದರು. ಆಪರೇಷನ್ ಎಂದರೆ ಮಾತ್ರ ಬೆಚ್ಚಿ ಬೀಳುತ್ತಿದ್ದರು. ಎದುರುಮನೆಯ ಮುದುಕಿ ಎಲ್ಲಿಯೋ ಮಾಡಿಸಿಕೊಂಡು ಇದ್ದ ಬೆಳಕನ್ನೂ ಕಳೆದುಕೊಂಡಿದ್ದಳು. ಇದ್ದಷ್ಟು ಇರಲಿ ಬಿಡಿ ಎಂಬುದು ಅತ್ತಿಗೆಯ ಒಂದೇ ಮಾತು.

ಕಳೆದ ವರ್ಷ ತುಕ್ಕಣ್ಣ ನಿವೃತ್ತನಾದ. ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಬಂದು, ಗಿರಾಕಿಗಳು ಹೋಗುವ ತನಕ ತಕ್ಕಡಿಯ ಪಕ್ಕ ನಿಂತಿದ್ದು, ಅವಳು ಒಪ್ಪಿದಳು ಎಂದ. ಹೇಗೆ ಒಪ್ಪಿಸಿದೆ ಎಂದು ಕೇಳಿದೆ. ಸ್ವಲ್ಪ ನಾಚಿಕೊಂಡೇ ಹೇಳಿದ. ನಾನು ಬಳಿದ ಹಸಿರನ್ನು ನೀನು ಹೊಸದಾಗಿದ್ದಾಗ ಒಂದು ಸಲವೂ ನೋಡಿಲ್ಲ, ಕಣ್ಣು ಮಾಡಿಸಿಕೋ, ಪಟ್ಟಿ ಬಿಚ್ಚಿದ ದಿನ ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದನಂತೆ. ಡಿಪೋಗೆ ಈಗ ಅವನು ಹೊರಗಿನವನು, ಬಸ್ಸು ಸಿಗುವಂತಿಲ್ಲ. ಸಿಗುವುದು ಟ್ಯಾಂಕು. ಸಂಘದ ವಾರ್ಷಿಕ ಪ್ರದರ್ಶನದ ಹಿಂದಿನ ದಿನಕ್ಕೇ ಆಪರೇಷನ್ ಗೊತ್ತು ಮಾಡಿಸಿದ್ದ. ಒಂದು ಕಣ್ಣು ಈಗ, ಇನ್ನೊಂದು ಎರಡು ತಿಂಗಳ ಮೇಲೆ. ಮೊದಲನೆಯದು ಸರಿಹೋದರಷ್ಟೇ ಎರಡನೆಯದು ಎಂದು ಅತ್ತಿಗೆ ಷರತ್ತು ಹಾಕಿದ್ದರು.

“ಟ್ಯಾಂಕಿಗೆ ಒಂದು ಚುಕ್ಕೆ ತುಕ್ಕು ಹಾಕಲ್ಲ. ಕಾರ್ಖಾನೆಯಿಂದ ಆಚೆ ಬಂದ ಹಾಗೆ ಇಡ್ತೀನಿ. ಸಂಘದೋರಿಗೆ ಹೇಳ್ಬೇಡ, ಆಡ್ಕೋತಾರೆ,” ಎಂದ.

ಹೇಳುವುದಿಲ್ಲ ಎಂದೆ. ಆ ಮಾತನ್ನು ಆಮೇಲೆ ಎಷ್ಟು ಚೆನ್ನಾಗಿ ಬಳಸಿಕೊಂಡೆ ಎಂಬುದನ್ನು ನೆನೆದರೆ ನನ್ನ ಮುಖಕ್ಕೆ ನಾನೇ ಉಗಿಯಬೇಕು.

ಹತ್ತು ತಿಂಗಳು ಅವನು ಅದನ್ನು ಮಾಡಿದ. ಕೊಳೆ ಬಳಿಯದ ಟ್ಯಾಂಕು ಮಾಡುವುದು ಎಷ್ಟು ಕಷ್ಟ ಎಂದು ಅವನ ಪಕ್ಕ ಕೂತವನಿಗೆ ಗೊತ್ತು. ಮುಚ್ಚಲು ಏನೂ ಇಲ್ಲ. ಒಂದು ಸಂದು ಕಂಡರೆ ಪುಟ್ಟಿ ತುಂಬಿ ಉಜ್ಜಿ, ಮತ್ತೆ ಬೆಳಕಿಗೆ ಹಿಡಿದು, ಮತ್ತೆ ಉಜ್ಜುವುದು. ನೀರಿನಷ್ಟು ತೆಳ್ಳಗೆ ಕಲಸಿದ ಬಣ್ಣದಲ್ಲಿ ಹದಿಮೂರು ಕೋಟು. ಹಸಿರೂ ಅಂಗಡಿಯ ಬಾಟಲಿಯದಲ್ಲ, ಡಿಪೋದ ಹಸಿರನ್ನು ನೆನಪಿನಿಂದ ಕಲಸಿದ್ದು. ಮನೆಯಲ್ಲಿ ಮಾಡುತ್ತಿದ್ದ, ಭಾನುವಾರ ಸಂಘದಲ್ಲಿ ಮಾತ್ರ ಎಂದಿನಂತೆ ಬೇರೆಯವರ ಟ್ಯಾಂಕಿಗೆ ತುಕ್ಕು ಇಳಿಸುತ್ತಿದ್ದ. ಮುಗಿದ ಮೇಲೆ ಒಂದು ಸಂಜೆ ನನ್ನನ್ನು ಕರೆದು ತೋರಿಸಿದ. ಟ್ಯಾಂಕೆಂದರೆ ನನಗೆ ಅಷ್ಟು ಹೊತ್ತಿಗೆ ಓಕರಿಕೆ ಶುರುವಾಗಿತ್ತು. ಇದನ್ನು ಎಲ್ಲ ಕಡೆಯಿಂದ ಬಗ್ಗಿ ಬಗ್ಗಿ ನೋಡಿದೆ. ಮುಟ್ಟಲು ಮನಸ್ಸಾಗಲಿಲ್ಲ.

ಇಲ್ಲಿ ಸಂಘದ ಒಂದು ಪದ್ಧತಿ ಹೇಳಬೇಕು. ಪ್ರದರ್ಶನದ ದಿನ ಬೆಳಗ್ಗೆ ಕೋಣೆಯ ನಡುವೆ ಉದ್ದ ಮೇಜು ಹಾಕುತ್ತೇವೆ. ಕಾಯಿಲೆ, ಸಾವು, ವರ್ಗಾವಣೆ, ಯಾವುದೋ ಕಾರಣಕ್ಕೆ ಯಾರದಾದರೂ ಟ್ಯಾಂಕು ಅರ್ಧಕ್ಕೆ ನಿಂತಿದ್ದರೆ ಅದನ್ನು ಆ ಮೇಜಿನ ಮೇಲೆ ಇಡಬೇಕು. ಉಳಿದವರೆಲ್ಲ ಸೇರಿ ತಲಾ ಒಂದೊಂದು ಕೆಲಸ ಮಾಡಿ ಮುಗಿಸಿಕೊಡುತ್ತಾರೆ. ಇದಕ್ಕೆ ‘ಕೈಗೂಡಿಸುವುದು’ ಎನ್ನುತ್ತೇವೆ. ಸಂಘದಲ್ಲಿ ಮನುಷ್ಯತ್ವ ಎಂಬುದೇನಾದರೂ ಇದ್ದರೆ ಇದೊಂದೇ. ಹಿಂದಿನ ವರ್ಷ ಗುಮಾಸ್ತನ ತಾಯಿ ತೀರಿಕೊಂಡಾಗ ಅವನ ಟ್ಯಾಂಕಿಗೆ ತುಕ್ಕಣ್ಣನೇ ಕೈಗೂಡಿಸಿದ್ದ.

ಆಸ್ಪತ್ರೆಗೆ ಹೋಗುವ ದಿನ ಬೆಳಗ್ಗೆ ತುಕ್ಕಣ್ಣ ರಟ್ಟಿನ ಪೆಟ್ಟಿಗೆಯೊಂದನ್ನು ನನ್ನ ಅಂಗಡಿಯಲ್ಲಿ ಕೊಟ್ಟ. ಅತ್ತಿಗೆ ಹೊರಗೆ ಆಟೋದಲ್ಲಿ ಸೆರಗು ಹಿಂಡುತ್ತ ಕೂತಿದ್ದರು. ನಾಳೆ ಇದನ್ನು ಅದರ ಜಾಗದಲ್ಲಿ ಇಟ್ಟುಬಿಡು, ಮುಗಿದಿದೆ, ನಾವು ಮಧ್ಯಾಹ್ನ ಆಸ್ಪತ್ರೆಯಿಂದ ಸೀದಾ ಅಲ್ಲಿಗೇ ಬರುತ್ತೇವೆ ಎಂದ. ಮುಗಿದಿದೆ ಎಂದು ಎರಡು ಸಲ ಹೇಳಿದ.

ಮರುದಿನ ಎಂಟು ಗಂಟೆಗೆ ಹೋದೆ. ಪ್ರದರ್ಶನದ ಮೇಜುಗಳಿಗೆ ಇನ್ನೂ ನೀಲಿ ಬಟ್ಟೆ ಹಾಸುತ್ತಿದ್ದರು. ಕೈಯಲ್ಲಿದ್ದ ಪೆಟ್ಟಿಗೆಯನ್ನು ಖಾಲಿಯಿದ್ದ ಉದ್ದ ಮೇಜಿನ ಮೇಲಿಟ್ಟು, ಒಳಗಿನ ಹತ್ತಿ ಬಿಡಿಸಿ, ಟ್ಯಾಂಕನ್ನು ಹೊರಗೆ ತೆಗೆದೆ. ಅಷ್ಟೇ. ಡಾಕ್ಟರು ಬಂದರು, ಮೇಷ್ಟ್ರು ಬಂದರು, ಗುಮಾಸ್ತ ಬಂದ. ಸುತ್ತ ನಿಂತು ನೋಡಿದರು. ಮೇಷ್ಟ್ರು ಲೊಚಗುಟ್ಟಿದರು. ಪಾಪ, ಹೆಂಡತಿಯ ಆಸ್ಪತ್ರೆ ಓಡಾಟದಲ್ಲಿ ಬಣ್ಣ ಹೊಡೆದು ಬಿಟ್ಟುಬಿಟ್ಟಿದ್ದಾನೆ ಎಂದರು ಡಾಕ್ಟರು. ಆರು ವರ್ಷ ನಮಗೆಲ್ಲ ದುಡಿದವನು, ಇವತ್ತು ನಮ್ಮ ಸರದಿ ಎಂದು ಗುಮಾಸ್ತ ಆಗಲೇ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ಅಣ್ಣ ಬಂದ ಮೇಲೆ ಒಂದು ಮಾತು ಕೇಳೋಣ ಎಂದೆ ನಾನು. ಇದು ಮುಗಿದಿದೆ ಎನ್ನಲಿಲ್ಲ. ಆ ಎರಡು ಮಾತಿನ ನಡುವೆ ಎಷ್ಟು ದೂರ ಇದೆ ಎಂದು ನನಗೆ ಗೊತ್ತಿತ್ತು. ತೀರ್ಪುಗಾರರು ಹನ್ನೊಂದಕ್ಕೆ ಬರುತ್ತಾರೆ, ಕೇಳುವುದಕ್ಕೆ ಸಮಯವೆಲ್ಲಿ ಎಂದರು ಡಾಕ್ಟರು. ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟರು.

“ತುಕ್ಕಿನ ಕೆಲಸ ನಿನ್ನದೇ ಕಣಪ್ಪಾ. ತುಕ್ಕಣ್ಣನ್ನ ಬಿಟ್ರೆ ನಿನ್ನಷ್ಟು ಚೆನ್ನಾಗಿ ಇಳಿಸೋರು ನಮ್ಮಲ್ಲಿ ಯಾರಿದ್ದಾರೆ ಹೇಳು.”

ಒಂಬತ್ತು ವರ್ಷದಲ್ಲಿ ಆ ಮನುಷ್ಯ ನನಗೆ ಒಂದು ಒಳ್ಳೆಯ ಮಾತು ಆಡಿರಲಿಲ್ಲ. ನನ್ನ ಟ್ಯಾಂಕುಗಳನ್ನು ಬಾಗಿಲ ಹಿಂದಿನ ಮೂಲೆಯಲ್ಲಿ ಇಡಿಸುತ್ತಿದ್ದರು. ನಾಯಿಗೆ ಬಿಸ್ಕತ್ತು ಎಸೆದ ಹಾಗೆ ಎಸೆದ ಆ ಒಂದು ಹೊಗಳಿಕೆಗೆ ನಾನು ಬಾಲ ಆಡಿಸಿದೆ. ಯಾರಿಗೂ ಹೇಳುವುದಿಲ್ಲ ಎಂದು ತುಕ್ಕಣ್ಣನಿಗೆ ಮಾತು ಕೊಟ್ಟಿದ್ದೇನಲ್ಲ, ಮಾತಿಗೆ ತಪ್ಪಬಾರದು ಎಂದು ಮನಸ್ಸು ಥಟ್ಟನೆ ಒಂದು ನೆಪವನ್ನೂ ಹುಡುಕಿಕೊಟ್ಟಿತು. ಕುಂಚ ತೆಗೆದುಕೊಂಡೆ.

ಎಡ ಮಗ್ಗುಲು ಪೂರ್ತಿ ನನ್ನದು. ಹನ್ನೆರಡು ಬೋಲ್ಟು, ಹನ್ನೆರಡು ಗೆರೆ. ಹುಟ್ಟಿದ ಕಡೆ ಕಪ್ಪು, ಆಮೇಲೆ ಕೆಂಪು, ಕೊನೆಯಲ್ಲಿ ಥಿನ್ನರಿನಲ್ಲಿ ತೋಯಿಸಿದ ಕುಂಚದಿಂದ ಕೆಳಗೆ ಎಳೆಯುವುದು. ಹದಿಮೂರು ಕೋಟಿನ ಆ ನುಣುಪಿನ ಮೇಲೆ ಕುಂಚ ಬೆಣ್ಣೆಯ ಮೇಲೆ ಹೋದ ಹಾಗೆ ಹೋಗುತ್ತಿತ್ತು. ನಾನು ಜನ್ಮದಲ್ಲಿ ಅಷ್ಟು ಚೆನ್ನಾಗಿ ಇಳಿಸಿರಲಿಲ್ಲ. ಖುಷಿಯಾಯಿತು. ಹೌದು, ಖುಷಿಯಾಯಿತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ. ಪಕ್ಕದಲ್ಲಿ ಮೇಷ್ಟ್ರು ಸ್ಪಂಜಿನ ಚೂರಿನಿಂದ ಅಂಚುಗಳ ಮೇಲೆ ಕಪ್ಪು ಚುಕ್ಕೆ ಒತ್ತುತ್ತಿದ್ದರು, ನಡುನಡುವೆ ಕುಂಚ ನೆಕ್ಕುತ್ತಿದ್ದರು. ಗುಮಾಸ್ತ ಅಂಟಿನಲ್ಲಿ ಕಲಸಿದ ಚರಂಡಿ ಮಣ್ಣನ್ನು ಬೆರಳಿನಿಂದಲೇ ಚಕ್ರಗಳ ನಡುವೆ ತುರುಕಿದ. ಡಾಕ್ಟರು ಬಲ ಮಗ್ಗುಲಿಗೆ ಯಂತ್ರ ಹಿಡಿದು ಎರಡು ತೂತು ಕೊರೆದರು; ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಎದ್ದಿತು. ಆಮೇಲೆ ಇಡೀ ಟ್ಯಾಂಕಿನ ಮೇಲೆ ತೆಳ್ಳಗೆ ಕಂದು ನೀರು ಹಾಯಿಸಿ, ಕೂದಲು ಒಣಗಿಸುವ ಯಂತ್ರದಿಂದ ಒಣಗಿಸಿ, ಮೇಲೆ ವಾರ್ನಿಷು ಹೊಡೆದು ಭದ್ರ ಮಾಡಿದರು. ಇನ್ನು ತೊಳೆದರೂ ಹೋಗುವಂತಿಲ್ಲ. ಹತ್ತೂವರೆಗೆ ಮುಗಿಯಿತು. ಹಸಿರು ಎಲ್ಲಿಯೋ ಒಂದೆರಡು ಕಡೆ ಹೌದೋ ಅಲ್ಲವೋ ಎಂಬಂತೆ ಇಣುಕುತ್ತಿತ್ತು.

ತೀರ್ಪುಗಾರರು ಬೇರೆ ಊರಿನ ಸಂಘದ ಇಬ್ಬರು. ಬಗ್ಗಿ, ಎದ್ದು, ಮತ್ತೆ ಬಗ್ಗಿ ನೋಡಿದರು. ಎಡ ಮಗ್ಗುಲಿನ ಮುಂದೆ ಬಹಳ ಹೊತ್ತು ನಿಂತರು. ಮೊದಲ ಬಹುಮಾನದ ಕೆಂಪು ರಿಬ್ಬನ್ನು ತುಕ್ಕಣ್ಣನ ಟ್ಯಾಂಕಿಗೆ ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಅವನು ಬಂದು ನೋಡಿದಾಗ ಎಷ್ಟು ಸಂತೋಷಪಡುತ್ತಾನೋ ಎಂದು ಡಾಕ್ಟರು ಬಾಗಿಲಿಗೂ ಮೇಜಿಗೂ ತಿರುಗುತ್ತಿದ್ದರು.

ಅವರು ಬಂದಾಗ ಒಂದು ಗಂಟೆ. ಅತ್ತಿಗೆಯ ಕಣ್ಣಿಗೆ ಆಸ್ಪತ್ರೆಯವರು ಕೊಟ್ಟ ಅಗಲವಾದ ಕಪ್ಪು ಕನ್ನಡಕ. ತುಕ್ಕಣ್ಣ ಅವರ ಮೊಣಕೈ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿಸಿಕೊಂಡು ಬಂದ. ದಾರಿಯುದ್ದಕ್ಕೂ ಕನ್ನಡಕ ತೆಗೆಯಬೇಡ, ಅಲ್ಲಿಯೇ ತೆಗೆಯುವೆಯಂತೆ ಎಂದು ಮಾತು ತೆಗೆದುಕೊಂಡಿದ್ದನಂತೆ. ಡಾಕ್ಟರು ಅಡ್ಡ ಬಂದು ಕೈ ಕುಲುಕಲು ಹೋದರೆ ಒಂದು ನಿಮಿಷ ಸಾರ್ ಎಂದು ಸರಿಸಿದ. ಅವನ ಗಮನವೆಲ್ಲ ಹೆಂಡತಿಯ ಮುಖದ ಮೇಲೆ. ಡಾಕ್ಟರು ಕೈ ತೋರಿಸಿದ ಮೇಜಿನ ಕಡೆ ಹಿಂದೆ ಹಿಂದೆ ನಡೆದು, ಅವರನ್ನು ಅದರ ಮುಂದೆ ನಿಲ್ಲಿಸಿ, ತಾನು ಮೇಜಿಗೆ ಬೆನ್ನು ಮಾಡಿ ನಿಂತು, ಎರಡೂ ಕೈಯಿಂದ ಕನ್ನಡಕ ತೆಗೆದ. ಟ್ಯಾಂಕನ್ನು ಅವನು ಇನ್ನೂ ನೋಡಿರಲಿಲ್ಲ.

ಅತ್ತಿಗೆ ನೋಡಿದರು. ಕಣ್ಣು ಕಿರಿದು ಮಾಡಿದರು, ಅಗಲ ಮಾಡಿದರು. ಮುಖ ಒಮ್ಮೆಗೇ ಬಿಳಿಚಿಕೊಂಡಿತು. ಆಮೇಲೆ ನಕ್ಕರು.

“ಎಷ್ಟು ಚೆಂದದ ಹಸಿರು ಕಣ್ರೀ. ಕಣ್ಣು ತಂಪಾಯ್ತು.”

ಅವನ ಮುಖ ಅರಳಿತು. ಹಾಗೆಯೇ ತಿರುಗಿ ಟ್ಯಾಂಕನ್ನು ನೋಡಿದ.

ನಾನು ನೆಲ ನೋಡುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಬೆರಳ ತುದಿಯಲ್ಲಿ ತುಕ್ಕಿನ ಬಣ್ಣ ಇನ್ನೂ ಇತ್ತು, ಕೈಯನ್ನು ಜೇಬಿಗೆ ತೂರಿಸಿದೆ. ಡಾಕ್ಟರು ಕೈಗೂಡಿಸಿದ ಕಥೆಯನ್ನು ಉತ್ಸಾಹದಿಂದ ಹೇಳತೊಡಗಿದರು. ತುಕ್ಕಣ್ಣ ಕೇಳಿಸಿಕೊಂಡನೋ ಇಲ್ಲವೋ. ಅವನು ಮತ್ತೆ ಹೆಂಡತಿಯ ಕಡೆ ತಿರುಗಿದ್ದ. ಅವರು ಇನ್ನೂ ನಗುತ್ತಲೇ ಇದ್ದರು, ಮಾಡಿಸಿಕೊಂಡ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಮೇಜಿನ ಬಟ್ಟೆಯನ್ನು ಬೆರಳಿಂದ ಮುಟ್ಟಿ, ಇದು ಯಾವ ಬಣ್ಣ ಎಂದು ಕೇಳಿದ. ನೀಲಿ ಎಂದರು. ರಿಬ್ಬನ್ನು ತೋರಿಸಿದ. ಕೆಂಪು. ಡಾಕ್ಟರ ಅಂಗಿ. ಬಿಳಿ, ಜೇಬಿನ ಹತ್ತಿರ ಹಳದಿ ಕಲೆ. ಒಂದೂ ತಪ್ಪಲಿಲ್ಲ.

“ಮತ್ತೆ ಇದನ್ನ ಹಸಿರು ಅಂದ್ಯಲ್ಲೇ,” ಎಂದ ಮೆಲ್ಲಗೆ.

“ನೀವು ಹಸಿರು ಅಂದಿದ್ರಲ್ಲ. ನನಗೆ ಬರೀ ಕಂದು ಕಾಣ್ತು. ಕಣ್ಣು ಹೋಯ್ತು ಅನ್ಕೊಂಡೆ. ನೀವು ಅಷ್ಟು ಆಸೆಯಿಂದ ಕರ್ಕೊಂಡು ಬಂದಿದ್ದೀರಿ, ಹೆಂಗೆ ಹೇಳ್ಲಿ.”

ಡಾಕ್ಟರು ಮಾತು ನಿಲ್ಲಿಸಿದರು. ಗುಮಾಸ್ತ ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದುಕೊಂಡ. ಮುಗಿದಿತ್ತು ಅತ್ತಿಗೆ, ಹಸಿರಾಗಿಯೇ ಇತ್ತು, ನಾನೇ ಕಣ್ಣಾರೆ ನೋಡಿದ್ದೆ, ನಾವೇ ಹಾಳು ಮಾಡಿದೆವು ಎಂದು ಹೇಳಲು ಅದು ಸರಿಯಾದ ಹೊತ್ತು. ನನಗೊಬ್ಬನಿಗೆ ಅದು ಸಾಧ್ಯವಿತ್ತು. ನಾನು ಕೈಯನ್ನು ಜೇಬಿನೊಳಗೆ ಇನ್ನಷ್ಟು ತಳ್ಳಿದೆ.

ತುಕ್ಕಣ್ಣನೂ ತಪ್ಪನ್ನು ನಮ್ಮ ಮೇಲೆ ಹಾಕಲಿಲ್ಲ. ಕೈಗೂಡಿಸಿದ್ದನ್ನು ಯಾರೂ ದೂರುವಂತಿಲ್ಲ, ಅದು ಸಂಘದ ನಡವಳಿಕೆ, ಅವನೂ ಬೇರೆಯವರಿಗೆ ಮಾಡಿದ್ದವನು. ನಿನ್ನ ಕಣ್ಣು ಸರಿಯಾಗಿದೆ, ಕೊಳೆ ಇರುವುದು ಟ್ಯಾಂಕಿನ ಮೇಲೆ ಎಂದು ಅತ್ತಿಗೆಗೆ ಹೇಳಿ, ಅವರ ಕೆನ್ನೆಯನ್ನು ತನ್ನ ಅಂಗಿಯ ತೋಳಿನಿಂದ ಒರೆಸಿದ. ಮತ್ತೆ ಹಸಿರು ಎಲ್ಲಿ ಹೋಯಿತು ಎಂದು ಅವರು ಕೇಳಿದರು, ಮಗು ಕೇಳುವ ಹಾಗೆ. ಅವನು ಕೆಂಪು ರಿಬ್ಬನ್ನು ಬಿಚ್ಚಿ ಮೇಜಿನ ಮೇಲಿಟ್ಟ. ಟ್ಯಾಂಕನ್ನು ಎತ್ತಿ ಬಲ ಮಗ್ಗುಲಿನ ತೂತುಗಳ ಮೇಲೆ ಹೆಬ್ಬೆರಳು ಆಡಿಸಿದ. ಎಡ ಮಗ್ಗುಲನ್ನು ಕಿಟಕಿಯ ಬೆಳಕಿಗೆ ಹಿಡಿದು, ಹನ್ನೆರಡು ಗೆರೆಗಳನ್ನೂ ಒಂದೊಂದಾಗಿ ನೋಡಿದ. ಆಮೇಲೆ ಸೀದಾ ನನ್ನ ಮುಖ ನೋಡಿ ಕೇಳಿದ.

“ಈ ತುಕ್ಕು ಯಾರು ಇಳಿಸಿದ್ದು?”

“ಡಾಕ್ಟರು,” ಎಂದೆ.

ಡಾಕ್ಟರು ಅಲ್ಲಗಳೆಯಲಿಲ್ಲ. ಚೆನ್ನಾಗಿ ಬಂದಿದೆ ಎಂದ ತುಕ್ಕಣ್ಣ, ಕಣ್ಣು ನನ್ನ ಮೇಲಿಂದ ತೆಗೆಯದೆ. ಟ್ಯಾಂಕನ್ನು ಇದ್ದ ಜಾಗದಲ್ಲೇ ಇಟ್ಟು, ಹೆಂಡತಿಗೆ ಕಪ್ಪು ಕನ್ನಡಕ ಹಾಕಿಸಿ, ಮೊಣಕೈ ಹಿಡಿದು ಮೆಟ್ಟಿಲು ಇಳಿಸಿಕೊಂಡು ಹೋದ. ಆಮೇಲೆ ಅವನು ಸಂಘಕ್ಕೆ ಬರಲಿಲ್ಲ. ಅತ್ತಿಗೆಯ ಎರಡನೆಯ ಕಣ್ಣೂ ಆಯಿತಂತೆ, ಚೆನ್ನಾಗಿ ಕಾಣುತ್ತದಂತೆ, ಬೇರೆಯವರ ಬಾಯಿಂದ ಕೇಳಿದ್ದು.

ಅವತ್ತು ಅವರು ಹೋದ ಮೇಲೂ ಪ್ರದರ್ಶನ ಸಂಜೆಯ ತನಕ ಇತ್ತು. ಬಿಚ್ಚಿಟ್ಟ ರಿಬ್ಬನ್ನನ್ನು ಡಾಕ್ಟರು ಮತ್ತೆ ಕಟ್ಟಿದರು. ಜನ ಬರುತ್ತಲೇ ಇದ್ದರು, ಆ ಟ್ಯಾಂಕಿನ ಮುಂದೆ ನಿಂತು ಬೆರಗಾಗುತ್ತಿದ್ದರು. ಎಡಗಡೆಯಿಂದ ನೋಡಿ ಎಂದು ಎಲ್ಲರಿಗೂ ನಾನೇ ಮುಂದೆ ಹೋಗಿ ಹೇಳುತ್ತಿದ್ದೆ.